ಹಿತ್ತಿಲ ಮೆಟ್ಟಿಲು

ಆ ಬಂಗಲೆಗೆ ನೀರು ಹೊತ್ತೇ ಅಜ್ಜಿಯ ಹರೆಯವೆಲ್ಲ ಸವೆದಿತ್ತು. ಈಗ ಅದು ದೊಡ್ಡ ಹೋಟೆಲ್ಲು. ಅದರ ಹಜಾರದ ಅಮೃತಶಿಲೆಯ ಮೆಟ್ಟಿಲನ್ನು ಅವಳು ದಿನಾ ಮಂಡಿಯೂರಿ ಒರೆಸಿದ್ದಳೇ ಹೊರತು ಒಂದು ದಿನವೂ ಕಾಲೂರಿ ಹತ್ತಿರಲಿಲ್ಲ.

"ಅಜ್ಜೀ, ನೀನು ಕೆಲ್ಸ ಮಾಡ್ತಿದ್ದ ಬಂಗ್ಲೆ ನೋಡ್ಕೊಂಡ್ ಬರೋಣ, ಟಿಕೆಟ್ ತೆಗ್ದಿದೀನಿ," ಎಂದು ಮೊಮ್ಮಗಳು ಹೇಳಿದಾಗ ಅವಳಿಗೆ ನೆನಪಾದದ್ದು ಆ ಮೆಟ್ಟಿಲೇ. ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಗೈಡು ಎಲ್ಲರನ್ನೂ ಕರೆದೊಯ್ದದ್ದು ಹಿತ್ತಿಲ ಬಾಗಿಲಿಗೆ. "ಇದು ಗುಟ್ಟಿನ ಮೆಟ್ಟಿಲು! ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ತಲೆ ಜೋಪಾನ."

ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ! ಹಾಗಾದರೆ ನಾವೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಿದೆವೇ ಎಂದು ಅಜ್ಜಿ ಹಲ್ಲು ಕಚ್ಚಿದಳು. ತುಂಬಿದ ಬಕೆಟ್ಟು ತಾಗಿ ತಾಗಿ ಗೋಡೆಯಲ್ಲಿ ಬಿದ್ದಿದ್ದ ಗುಳಿಯನ್ನು ಜನ ಸವರಿ ಫೋಟೊ ತೆಗೆದುಕೊಂಡರು. ತಿರುವಿನ ತೊಲೆಗೆ ಒಬ್ಬೊಬ್ಬರದೂ ತಲೆ ಬಡಿಯಿತು. ಅಜ್ಜಿಯದು ಬಡಿಯಲಿಲ್ಲ, ಹಳೆಯ ಕತ್ತು ತಾನಾಗಿಯೇ ಬಗ್ಗಿತು.

ಮೇಲೆ ಬಂದರೆ ಎದುರಿಗೇ ಅಮೃತಶಿಲೆಯ ಮೆಟ್ಟಿಲು, ಅದೇ ಹೊಳಪು. "ಇಳಿಯೋದಾದ್ರೂ ಇದ್ರಲ್ಲೇ ಇಳೀತೀನಪ್ಪಾ," ಎಂದು ಅಜ್ಜಿ ಹೆಜ್ಜೆ ಮುಂದಿಟ್ಟಳು.

ಗೈಡು ನಯವಾಗಿ ಅಡ್ಡ ನಿಂತ. "ಬೇಡಿ ಅಜ್ಜಿ, ಅದು ರೂಮ್ ತಗೊಂಡೋರಿಗೆ ಮಾತ್ರ. ನಿಮ್ಮ ಟಿಕೆಟ್ ಹಿಂದಿನ ಮೆಟ್ಟಿಲಿಗೆ."

ಮೊಮ್ಮಗಳ ಮುಖ ಸಣ್ಣದಾಯಿತು. ಅಜ್ಜಿ ಅವಳ ಕೈ ಹಿಡಿದು ಹಿಂದಕ್ಕೆ ತಿರುಗಿದಳು.

"ಬಾ ಪುಟ್ಟಿ. ಆಗ ಇದನ್ನ ಹತ್ತೋಕೆ ಅವ್ರು ಸಂಬಳ ಕೊಡ್ತಿದ್ರು. ಈಗ ನಾವೇ ಕೊಟ್ಟು ಹತ್ತಿದೀವಿ."