ಶೇಕಡ ತೊಂಬತ್ತಾರು

ನನಗೆ ಸಿಟ್ಟು ಬೇಗ ಬರುತ್ತದೆ. ಹೊಗಳಿಕೆ ಅದಕ್ಕಿಂತ ಬೇಗ ತಲೆಗೇರುತ್ತದೆ. ಎರಡನ್ನೂ ನನ್ನ ಯಜಮಾನರು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಾರೆ, ನಾನು ಒಪ್ಪಿರಲಿಲ್ಲ. ಹೋದ ನವೆಂಬರಿನ ಒಂದು ಗುರುವಾರ ಒಪ್ಪಿಕೊಳ್ಳಬೇಕಾಯಿತು.

ಪುರವರದಿಂದ ಎರಡು ಮೈಲಿ ಒಳಕ್ಕೆ ಹೋದರೆ ನಮ್ಮ ಕಿರಿಯ ಪ್ರಾಥಮಿಕ ಶಾಲೆ. ಇರುವವರು ಇಬ್ಬರೇ. ಒಂದರಿಂದ ಮೂರನೇ ತರಗತಿಯ ಮಕ್ಕಳು ಹೆಡ್‌ಮಾಸ್ಟರ್ ಶಂಕರಲಿಂಗಪ್ಪನವರಿಗೆ, ನಾಲ್ಕು ಮತ್ತು ಐದು ನನಗೆ. ನನ್ನ ಕೋಣೆಯಲ್ಲಿ ಹದಿಮೂರು ಮಕ್ಕಳು. ಜೂನ್‌ನಲ್ಲಿ ಒಂದು ಟ್ರಸ್ಟಿನವರು ಬಂದು ಗೋಡೆಗೆ ದೊಡ್ಡ ಟಿವಿ ಹೊಡೆದು, ಐದು ಟ್ಯಾಬ್ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ನಮ್ಮ ಊರಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಅದಕ್ಕೇ ಪಾಠಗಳನ್ನೆಲ್ಲ ಪೆನ್‌ಡ್ರೈವಿನಿಂದ ಟ್ಯಾಬಿಗೆ ತುಂಬಿಕೊಟ್ಟಿದ್ದರು.

ಪ್ರತಿ ಪಾಠದ ಕೊನೆಗೆ ಹತ್ತು ಪ್ರಶ್ನೆ. ಒಂದೊಂದು ಪ್ರಶ್ನೆಗೆ ನಾಲ್ಕು ಚೌಕದಲ್ಲಿ ನಾಲ್ಕು ಉತ್ತರ, ಮೇಲೆ ಎರಡು, ಕೆಳಗೆ ಎರಡು. ಸರಿಯಾದುದನ್ನು ಮುಟ್ಟಿದರೆ ಚಪ್ಪಾಳೆ ಸದ್ದು, ತಪ್ಪಿದರೆ ಕಪ್ಪೆ ವಟಗುಟ್ಟಿದ ಸದ್ದು. ಮೊದಮೊದಲು ನನ್ನ ಕೋಣೆ ಮಳೆಗಾಲದ ಕೆರೆಯಂತಿತ್ತು. ಜುಲೈ ಮುಗಿಯುವಷ್ಟರಲ್ಲಿ ಬರೀ ಚಪ್ಪಾಳೆ. ನಾನು ಹಿಗ್ಗಿ ಹೀರೆಕಾಯಿಯಾದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಇಪ್ಪತ್ತೆರಡು ಶಾಲೆಗೆ ಟ್ಯಾಬ್ ಬಂದಿದ್ದವು. ಎಲ್ಲರಿಗೂ ಒಂದೇ ವಾಟ್ಸಾಪ್ ಗ್ರೂಪ್. ಪ್ರತಿ ಶುಕ್ರವಾರ ಮಕ್ಕಳ ಅಂಕದ ಸರಾಸರಿಯನ್ನು ಅದರಲ್ಲಿ ಹಾಕಬೇಕು. ನನ್ನದು ತೊಂಬತ್ನಾಲ್ಕು, ತೊಂಬತ್ತೈದು, ಆಮೇಲೆ ತೊಂಬತ್ತಾರಕ್ಕೆ ಬಂದು ನಿಂತುಬಿಟ್ಟಿತು. ಉಳಿದವರು ಎಂಬತ್ತು ಎಂಬತ್ತೈದರ ಆಸುಪಾಸಿನಲ್ಲಿದ್ದರು. ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿದ ತಿರುಮಣಿ ಕಡೆಯ ಕದರಪ್ಪ ಮೇಷ್ಟ್ರು ಒಬ್ಬರದು ಮಾತ್ರ ಮೂವತ್ತೆಂಟು, ನಲವತ್ತು. ಟ್ರಸ್ಟಿನ ಸಂಯೋಜಕ ಲಕ್ಷ್ಮೀಪತಿ ಒಂದು ದಿನ ಗ್ರೂಪಿನಲ್ಲೇ, ಎಲ್ಲರ ಮುಂದೆ ಬರೆದರು: ‘ಕದರಪ್ಪ ಸರ್, ಟ್ಯಾಬ್ ಎಲ್ಲರಿಗೂ ಒಂದೇ. ಮಂಜಮ್ಮ ಮೇಡಂ ಅವರಿಗೆ ಆಗಿದ್ದು ನಿಮಗೇಕೆ ಆಗುತ್ತಿಲ್ಲ?’ ಮಂಜಮ್ಮ ಅಂದರೆ ನಾನೇ. ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದೆ. ಅಷ್ಟು ಕೊಬ್ಬು ನನಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ನವೆಂಬರಿನ ಒಂದು ಶನಿವಾರ ಉಳಿದ ಇಪ್ಪತ್ತೊಂದು ಶಾಲೆಯವರೂ ನಮ್ಮ ಶಾಲೆಗೆ ಬಂದು ನನ್ನ ಮಾದರಿ ಪಾಠ ನೋಡುವುದೆಂದು ಗೊತ್ತಾಯಿತು. ವಿಷಯ, ಪಕ್ಕದ ಅಂಕಿಯಿಂದ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. ನಾನು ಹೊಸ ಸೀರೆಗೆ ಫಾಲ್ ಹೊಲಿಯಲು ಕೊಟ್ಟೆ.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಹೆಣ್ಣುಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಮಾಮೂಲಿ ಮನೆ ಬರೆದಿರಲಿಲ್ಲ, ಬರೀ ನಾಲ್ಕು ಚೌಕ. ಐದನೇ ತರಗತಿಯ ಅನುಷಾ ಒಂಟಿ ಕಾಲಲ್ಲಿ ಹಾರುತ್ತ ರಾಗವಾಗಿ ಹೇಳುತ್ತಿದ್ದಳು: ‘ಮ್ಯಾಲೆ ಎಡ, ಕೆಳಗೆ ಬಲ, ಕೆಳಗೆ ಬಲ, ಮ್ಯಾಲೆ ಬಲ...’

‘ಇದ್ಯಾವ ಆಟವೇ?’ ಅಂದೆ.

‘ಆಟ ಅಲ್ಲ ಮಿಸ್, ಕಳೆಯೋ ಲೆಕ್ಕ. ಎಂಟನೇ ಪಾಠ,’ ಅಂದಳು ಏದುಸಿರು ಬಿಡುತ್ತ. ‘ಗುಣಿಸೋದು ಬ್ಯಾರೆ ಥರ ಐತೆ. ಅದನ್ನೂ ಹಾರಿ ತೋರಿಸ್ಲಾ?’

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಒಳಗೋಡಿ ಟ್ಯಾಬ್ ತೆರೆದು ನೋಡಿದೆ. ಟ್ಯಾಬಿನಲ್ಲಿದ್ದ ಪ್ರಶ್ನೆಗಳು ಜೂನ್‌ನಿಂದ ಅವೇ. ಬರುವ ಕ್ರಮವೂ ಅದೇ. ಮಕ್ಕಳು ಲೆಕ್ಕ ಓದುವುದನ್ನೇ ಬಿಟ್ಟು, ಯಾವ ಚೌಕ ಮುಟ್ಟಬೇಕೆಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅವರು ಮೋಸ ಮಾಡಿದ್ದಾರೆ ಅನ್ನುವಂತೆಯೂ ಇರಲಿಲ್ಲ. ಚಪ್ಪಾಳೆ ಬಂದರೆ ಸಾಕು ಎಂದು ಕಲಿಸಿದವಳು ನಾನೇ.

ಎಲ್ಲರನ್ನೂ ಒಳಗೆ ಕರೆದು ಹಲಗೆ ಮೇಲೆ ಬರೆದೆ: 503 - 267. ಸ್ಲೇಟಿನಲ್ಲಿ ಮಾಡಿ ಅಂದೆ. ಸರಿ ಉತ್ತರ 236. ಹದಿಮೂರರಲ್ಲಿ ನಾಲ್ಕು ಮಕ್ಕಳಿಗೆ ಬಂತು. ಏಳು ಮಕ್ಕಳು 364 ಎಂದು ಬರೆದಿದ್ದರು. ಒಂದು ಹುಡುಗಿ ಕೂಡಿಸಿ 770 ಮಾಡಿದ್ದಳು. ರಂಗೇಶ್ ಎಂಬ ಹುಡುಗ ಏನೂ ಬರೆಯದೆ, ‘ಮಿಸ್, ಇದಕ್ಕೆ ನಾಕು ಉತ್ತರ ಕೊಟ್ಟೇ ಇಲ್ವಲ್ಲ?’ ಎಂದು ನನ್ನನ್ನೇ ಕೇಳಿದ.

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯುವುದು? ಹಲಗೆ ಒರೆಸಿದೆ.

ಮಕ್ಕಳು ಮನೆಗೆ ಹೋದ ಮೇಲೆ ಶಂಕರಲಿಂಗಪ್ಪನವರಿಗೆ ಎಲ್ಲ ಹೇಳಿದೆ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ, ಯಾವುದಕ್ಕೂ ಗಾಬರಿಯಾಗುವವರಲ್ಲ. ‘ಶನಿವಾರ ಒಂದಿನ ಸಾಗಿಸ್ಬುಡಿ ಮೇಡಂ,’ ಅಂದರು. ‘ಟ್ಯಾಬ್ ಕೊಡಿ, ಮಕ್ಳು ಹತ್ತಕ್ಕೆ ಹತ್ತು ತಗೊಂತಾರೆ, ಬಂದೋರು ಉಪ್ಪಿಟ್ಟು ತಿಂದು ಹೋಗ್ತಾರೆ. ಸೋಮವಾರದಿಂದ ನಿಧಾನಕ್ಕೆ ಕಲಿಸೋಣ. ಯಾರಿಗ್ ಗೊತ್ತಾಗುತ್ತೆ?’

ಅವರು ಹೇಳಿದ್ದು ನನಗೆ ಹಿತವಾಗಿಯೇ ಕೇಳಿಸಿತು, ಸುಳ್ಳು ಯಾಕೆ ಹೇಳಲಿ. ಐದು ತಿಂಗಳು ಎಲ್ಲರ ಮುಂದೆ ಎದೆ ಸೆಟೆಸಿ ನಡೆದವಳು ಈಗ ಆ ಇಪ್ಪತ್ತೊಂದು ಜನರೆದುರು ಏನೆಂದು ನಿಲ್ಲುವುದು? ಬಸ್ಸಿನಲ್ಲಿ ಮನೆಗೆ ಹೋಗುತ್ತ ಗ್ರೂಪ್ ತೆರೆದು ಹಳೆಯ ಸಂದೇಶಗಳನ್ನು ನೋಡಿದೆ. ಕದರಪ್ಪನವರ ನಲವತ್ತು ಕಣ್ಣಿಗೆ ಬಿತ್ತು. ಅದು ಹೇಗೆ ಅವರದು ಮಾತ್ರ ನಲವತ್ತು? ಪೆನ್‌ಡ್ರೈವ್ ಅದೇ, ಪ್ರಶ್ನೆ ಅವೇ, ಮಕ್ಕಳೂ ಅಂಥವೇ. ಆಗ ಹೊಳೆಯಿತು. ಆ ಮನುಷ್ಯ ಟ್ಯಾಬಿನ ಅಂಕ ಬಿಟ್ಟು ಸ್ಲೇಟಿನಲ್ಲಿ ಬೇರೆ ಲೆಕ್ಕ ಕೊಟ್ಟು ನೋಡಿ, ಬಂದದ್ದನ್ನು ಬಂದ ಹಾಗೆ ಹಾಕುತ್ತಿರಬೇಕು. ಇಷ್ಟು ದಿನ ಗ್ರೂಪಿನಲ್ಲಿ ನಿಜ ಬರೆದವರು ಅವರೊಬ್ಬರೇ, ಬೈಸಿಕೊಂಡವರೂ ಅವರೊಬ್ಬರೇ. ನನಗೆ ನಾಚಿಕೆಯಾಯಿತು.

ಶುಕ್ರವಾರ ಹತ್ತರ ಕಡ್ಡಿಕಟ್ಟು ಬಿಚ್ಚಿ ಕಳೆಯುವುದನ್ನು ಮತ್ತೆ ತೋರಿಸಿ, ಹೊಸ ಪಾಠ ಹೂಡಿದೆ. ಮಕ್ಕಳು ಉತ್ತರ ಹುಡುಕುವುದರಲ್ಲಿ ನಿಸ್ಸೀಮರು, ಹಾಗಾದರೆ ಪ್ರಶ್ನೆಯನ್ನೂ ಅವರೇ ತಯಾರಿಸಲಿ. ‘ಒಂದು ಕಳೆಯೋ ಲೆಕ್ಕ ಬರೀರಿ. ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ. ಆದರೆ ತಪ್ಪು ಉತ್ತರ ಸುಮ್ಸುಮ್ಮನೆ ಬರೆಯಂಗಿಲ್ಲ. ಪಕ್ಕದೋರು ಬಿದ್ದೇ ಬೀಳಬೇಕು, ಅಂಗಿರಬೇಕು,’ ಅಂದೆ. ಬರೆದ ಪುಟವನ್ನು ಟ್ಯಾಬಿನಲ್ಲಿ ಫೋಟೋ ತೆಗೆದು, ಕೇಬಲ್ ಚುಚ್ಚಿ ಟಿವಿಯಲ್ಲಿ ತೋರಿಸುವುದು. ಉಳಿದವರು ಉತ್ತರ ಹೇಳುವುದು. ಬರೆದವರು ಪ್ರತಿ ತಪ್ಪು ಉತ್ತರವೂ ಯಾಕೆ ತಪ್ಪು ಎಂದು ವಿವರಿಸಬೇಕು. ಇಷ್ಟೇ ಪಾಠ. ಒಬ್ಬರನ್ನೊಬ್ಬರು ಬೀಳಿಸುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಬಂದರು. ಹಿಂದೆ ಜಮಖಾನೆ ಹಾಸಿ ಕೂರಿಸಿದೆವು. ಲಕ್ಷ್ಮೀಪತಿ ಕದರಪ್ಪನವರನ್ನು ಕೈಹಿಡಿದು ಕರೆತಂದು, ‘ನೀವು ಇಲ್ಲಿ ಮುಂದೆ ಕೂತ್ಕೊಳಿ ಸರ್, ಚೆನ್ನಾಗಿ ಕಾಣುತ್ತೆ,’ ಎಂದು ಮೊದಲ ಸಾಲಿಗೆ ಕೂರಿಸಿದರು. ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ. ತೊಡೆಯ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡು, ಪೆನ್ ತೆರೆದು, ನನ್ನನ್ನೇ ನೋಡುತ್ತ ಕಾದರು. ಅವರು ನಿಜವಾಗಿಯೂ ಕಲಿಯಲು ಬಂದಿದ್ದರು.

ಮೊದಲು ಟ್ಯಾಬ್ ಕೊಟ್ಟೆ. ಎಂಟನೇ ಪಾಠ. ಚಪ್ಪಾಳೆ ಮೇಲೆ ಚಪ್ಪಾಳೆ. ಹಿಂದೆ ಕೂತವರೂ ಚಪ್ಪಾಳೆ ತಟ್ಟಿದರು, ಲಕ್ಷ್ಮೀಪತಿ ವಿಡಿಯೋ ತೆಗೆದುಕೊಂಡರು. ಅಲ್ಲಿಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಅನುಷಾಳನ್ನು ಮುಂದೆ ಕರೆದು, ನನ್ನ ಕರವಸ್ತ್ರದಿಂದ ಅವಳ ಕಣ್ಣು ಕಟ್ಟಿದೆ.

‘ಈಗ ಮಾಡಮ್ಮ.’

ಅವಳು ಎಡಗೈಯಲ್ಲಿ ಟ್ಯಾಬಿನ ಅಂಚು ತಡವಿಕೊಂಡಳು. ಆಮೇಲೆ ತುಟಿ ಅಲ್ಲಾಡಿಸುತ್ತ ಬಲಗೈಯಿಂದ ಮುಟ್ಟುತ್ತ ಹೋದಳು. ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ. ಹತ್ತಕ್ಕೆ ಹತ್ತು. ಕಣ್ಣಿನ ಬಟ್ಟೆ ಬಿಚ್ಚಿದಾಗ ಅವಳ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಹಿಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಇದೇ ನನ್ನ ತೊಂಬತ್ತಾರು,’ ಅಂದೆ. ‘ಪ್ರಶ್ನೆ ಬದಲಾಗೋದೇ ಇಲ್ಲ, ಮಕ್ಕಳು ಚೌಕ ಬಾಯಿಪಾಠ ಮಾಡಿಕೊಂಡಿದ್ದಾರೆ. ನನಗೆ ಮೊನ್ನೆವರೆಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ ಅನ್ನೋದೇ ಸರಿ. ಮೊನ್ನೆ ಹಲಗೆ ಮೇಲೆ ಲೆಕ್ಕ ಕೊಟ್ಟಾಗ ಹದಿಮೂರರಲ್ಲಿ ನಾಲ್ಕು ಮಕ್ಕಳಿಗೆ ಬಂತು. ಇನ್ನು ಮೇಲೆ ಪಾಠ ಶುರು.’

ಲಕ್ಷ್ಮೀಪತಿ ಫೋನ್ ಕೆಳಗಿಳಿಸಿದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮಕ್ಕಳ ಕಡೆ ತಿರುಗಿದೆ.

ಮೊದಲ ಸರದಿ ರಂಗೇಶನದು. ಮೊನ್ನೆ ಏನೂ ಬರೆಯದವನು 503 - 267 ಅನ್ನೇ ಎತ್ತಿಕೊಂಡಿದ್ದ. ಅವನ ಓರೆಕೋರೆ ಅಕ್ಷರ ಟಿವಿ ತುಂಬ ಮೂಡಿತು: 364, 236, 770, 246. ಐದು ಮಕ್ಕಳು ಇನ್ನೂ 364ಕ್ಕೆ ಕೈಯೆತ್ತಿದರು. ‘ಬಿದ್ರು!’ ಎಂದು ರಂಗೇಶ್ ಕುಣಿದ.

‘ಯಾಕೆ ಬಿದ್ರು, ಹೇಳು,’ ಅಂದೆ.

ಅವನು ಟಿವಿ ಹತ್ತಿರ ಹೋಗಿ ಬೆರಳಿಟ್ಟ. ‘ಇವ್ರು ಮೂರರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಮೂರು ಕಳ್ದವ್ರೆ ಮಿಸ್. ಅಂಗೆ ಮಾಡಂಗಿಲ್ಲ. ಮೂರು ಕಮ್ಮಿ ಬಿತ್ತು, ಪಕ್ಕದ ಮನೇಲಿ ಕೇಳನ ಅಂದ್ರೆ ಅಲ್ಲಿ ಸೊನ್ನೆ. ಅದಕ್ಕೆ ನೂರರ ಮನೆಗೆ ಹೋಗಬೇಕು. ಅಲ್ಲಿಂದ ಒಂದು ನೂರು ತಂದು ಹತ್ತು ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ಮೂರಕ್ಕೆ ಕೊಡಬೇಕು. ಒಂಬತ್ತು ಕಟ್ಟು ಅಲ್ಲೇ ಉಳೀತವೆ. ಅದನ್ನ ಮರ್ತು ಹತ್ತೇ ಐತೆ ಅನ್ಕೊಂಡ್ರೆ ಈ 246 ಬರುತ್ತೆ. ಇದು ದೊಡ್ಡೋರು ಬೀಳ್ಲಿ ಅಂತ ಇಟ್ಟಿದ್ದು.’

ಹಿಂದೆ ಯಾರೋ ಜೋರಾಗಿ ನಕ್ಕರು. ಶಿರಾದಿಂದ ಬಂದಿದ್ದ ಒಬ್ಬರು ಮೇಡಂ, ‘ನಾನೇ ಬಿದ್ದೆ ಕಣಪ್ಪ,’ ಅಂದರು. ಆಮೇಲೆ ಆ ಕೋಣೆ ಸಂತೆಯಾಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ತಮ್ಮ ಪುಟದ ಫೋಟೋ ತೆಗೆದರು, ಜಗಳವಾಡಿದರು, ಸ್ಲೇಟು ಒರೆಸಿ ಮತ್ತೆ ಮಾಡಿದರು. ಕೊನೆಗೆ ಹೊಸ ಲೆಕ್ಕವೊಂದನ್ನು ಬರೆದೆ, ಉತ್ತರದ ಚೌಕ ಯಾವುದೂ ಇಲ್ಲ. ಹದಿಮೂರರಲ್ಲಿ ಒಂಬತ್ತು ಮಕ್ಕಳು ಸರಿ ಮಾಡಿದರು. ಒಂಬತ್ತು ಅಂದರೆ ಒಂಬತ್ತೇ, ನಾನೇ ಒಂದೊಂದು ಸ್ಲೇಟನ್ನೂ ಕೈಯಲ್ಲಿ ಹಿಡಿದು ನೋಡಿದ್ದು. ಎದೆ ಮೇಲಿದ್ದ ಚಪ್ಪಡಿ ಇಳಿಸಿದಂತಾಯಿತು.

ಲಕ್ಷ್ಮೀಪತಿ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಕತ್ತು ಕೆರೆದುಕೊಂಡು, ‘ಉಳಿದ ಶಾಲೆಗಳಲ್ಲಿ...’ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೊರಟಗೆರೆ ಕಡೆಯ ಒಬ್ಬರು, ‘ನಮ್ಮಲ್ಲೂ ಅದೇ ಪೆನ್‌ಡ್ರೈವ್ ಅಲ್ವಾ ಸರ್,’ ಎಂದರು ಮೆಲ್ಲಗೆ. ಇನ್ನೊಬ್ಬರು, ‘ನಮ್ಮ ಮಕ್ಕಳು ಬೆರಳ ಮೇಲೆ ಎಣಿಸ್ಕೊಂತಾ ಇದ್ರು, ಲೆಕ್ಕ ಮಾಡ್ತಾವೆ ಅನ್ಕೊಂಡಿದ್ದೆ,’ ಅಂದರು. ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟರು, ನಗು ಶುರುವಾಯಿತು. ಲಕ್ಷ್ಮೀಪತಿಯೂ ಕೊನೆಗೆ ನಕ್ಕು, ಈ ವಾರದಿಂದ ಗ್ರೂಪಿನಲ್ಲಿ ಅಂಕಿ ಹಾಕುವುದು ಬೇಡ, ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂಬುದನ್ನು ಬರೆಯಿರಿ ಎಂದರು.

ಎಲ್ಲ ಉಪ್ಪಿಟ್ಟಿಗೆ ಎದ್ದರು. ಕದರಪ್ಪನವರು ಏಳಲಿಲ್ಲ. ನಾನೇ ಹೋಗಿ ಅವರ ಎದುರು ಕೂತೆ. ಎರಡು ಮಾತು ಅನ್ನಲಿ, ಅನ್ನಿಸಿಕೊಳ್ಳೋಣ ಎಂದು ಸಿದ್ಧವಾಗಿದ್ದೆ.

‘ಅಮ್ಮಾ, ಆ ತೊಂಬತ್ತಾರು ನಿಜವಾಗ್ಲೂ ಇರ್ಲಿಲ್ವಾ?’ ಅಂದರು.

‘ಇರ್ಲಿಲ್ಲ ಸರ್.’

‘ಒಂದು ವಾರಾನೂ?’

‘ಒಂದು ವಾರಾನೂ ಇರ್ಲಿಲ್ಲ.’

ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ‘ಇಪ್ಪತ್ತಾರು ವರ್ಷ ಆಯ್ತಮ್ಮಾ ನಾನು ಮೇಷ್ಟ್ರಾಗಿ. ಎಲ್ರೂ ನನ್ನಂಗೇ ಸ್ಲೇಟಲ್ಲಿ ಲೆಕ್ಕ ಕೊಟ್ಟೇ ಅಂಕ ಹಾಕ್ತಾರೆ ಅನ್ಕೊಂಡಿದ್ದೆ. ಈ ಐದು ತಿಂಗ್ಳು ದಿನಾ ಬೆಳಿಗ್ಗೆ ಬಾಗಿಲ ತಾವ ಒಂದು ಗಳಿಗೆ ನಿಂತು ಒಳಕ್ಕೆ ಹೋಗ್ತಿದ್ದೆ. ಅದೇ ಟ್ಯಾಬು, ಅದೇ ಪಾಠ, ಆ ಯಮ್ಮಂಗೆ ಬರುತ್ತೆ ನಂಗೆ ಬರಲ್ಲ ಅಂದ್ರೆ ನಂಗೆ ಕಲ್ಸೋದೇ ಬರಲ್ಲ, ಈ ಮಕ್ಳ ವರ್ಷಾನೆಲ್ಲ ಹಾಳು ಮಾಡ್ತಾ ಇವ್ನಿ ಅಂತ. ಮನೇಲಿ ಯಾರಿಗೂ ಹೇಳಿಲ್ಲ.’

ಕೈಮುಗಿದ ಆ ಚಿತ್ರ ಹಾಕಿದ ಕೈ ನನ್ನ ಮಡಿಲಲ್ಲಿತ್ತು. ನನ್ನ ಅಂಕಿ ನನ್ನೊಬ್ಬಳ ಜಂಬದ ವಿಷಯ ಎಂದುಕೊಂಡಿದ್ದೆ. ಇಲ್ಲಿಂದ ಅಷ್ಟು ದೂರದಲ್ಲಿ ಒಬ್ಬ ಮನುಷ್ಯ ಅದನ್ನು ಹೊತ್ತುಕೊಂಡು ದಿನಾ ಬಾಗಿಲಲ್ಲಿ ನಿಲ್ಲುತ್ತಾನೆಂದು ನನಗೆ ಹೇಗೆ ತಿಳಿಯಬೇಕು?

‘ತಪ್ಪಾಯ್ತು ಸರ್,’ ಅಂದೆ. ಅಳು ಬಂದೇಬಿಟ್ಟಿತು, ಹೊಸ ಸೀರೆಯ ಸೆರಗಿನಲ್ಲೇ ಒರೆಸಿಕೊಂಡೆ.

‘ಅಳಬೇಡಮ್ಮಾ ತಾಯಿ,’ ಎಂದು ಅವರು ನನ್ನ ತಲೆ ಮೇಲೆ ಕೈಯಿಟ್ಟರು. ಅವರ ಕಣ್ಣೂ ತುಂಬಿತ್ತು, ಆದರೆ ನಗುತ್ತಿದ್ದರು. ‘ಬತಿಕಿಪೋತಿನಮ್ಮಾ,’ ಅಂದರು ತಮ್ಮ ಊರಿನ ತೆಲುಗಿನಲ್ಲಿ. ಆಮೇಲೆ ನನಗೆ ತಿಳಿಯಲೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು: ‘ಬದುಕ್ಕೊಂಡೆ.’