ಹತ್ತು ಪದ, ಒಂದು ಲೋಟ ಚಹಾ

ಒಂದೆಲಗದ ಪುಡಿ ಮರೆವಿಗೆ ಮದ್ದೋ ಅಲ್ಲವೋ, ಪರೀಕ್ಷಿಸಿಯೇ ತೀರುವೆನೆಂದು ಫಿರ್ದೌಸ್ ಹಟ ಹಿಡಿದಿದ್ದಳು. ಪುಡಿ ತಿನ್ನುವ ಇಪ್ಪತ್ತು ಹಿರಿಯರಲ್ಲಿ ಯಲ್ಲಾಪುರದ ಜಲೀಲರೂ ಒಬ್ಬರು. ಹಳೆಯ ಲಾರಿ ಡ್ರೈವರ್, ಅವಳ ಚಿಕ್ಕಮ್ಮ ಅಮೀನಾಬಿಯ ಗಂಡ. ತಿಂಗಳಿಗೊಮ್ಮೆ ಅವಳು ಅವೇ ಹತ್ತು ಪದ ಓದುವಳು. ಕೇಳಿಸಿಕೊಂಡವರು ತಿರುಗಿ ಹೇಳಬೇಕು.

ಎಂದೂ ಎರಡು ದಾಟದ ಜಲೀಲರು ಈ ಸಲ ಕೊಡೆಯಿಂದ ಬೆಲ್ಲದವರೆಗೆ ಹತ್ತನ್ನೂ ಸಲೀಸಾಗಿ ಹೇಳಿಬಿಟ್ಟರು. ಫಿರ್ದೌಸ್ ಹಿಗ್ಗಿಹೋದಳು. ಅಷ್ಟರಲ್ಲಿ ಅವರು ಹೆಂಡತಿಯತ್ತ ಕೈಚಾಚಿ, "ಪಾಠ ಆಯ್ತಲ್ಲ, ಚಹಾ ಕೊಡು" ಎಂದರು.

"ಖಾಲಾ, ನೀವು ಹೇಳಿಕೊಟ್ರಾ?"

"ದಿನಾ ಬೆಳಿಗ್ಗೆ," ಎಂದರು ಅಮೀನಾಬಿ. "ನಿನ್ನ ಮದ್ದಿಗೆ ಕೆಟ್ಟ ಹೆಸರು ಬರಬಾರ್ದಲ್ಲ!"

ಫಿರ್ದೌಸ್ ಬೇರೆ ಹತ್ತು ಪದ ಓದಿದಳು. ಎರಡೇ ಬಂದವು. ಪುಸ್ತಕದಲ್ಲಿ ಹತ್ತನ್ನು ಹೊಡೆದುಹಾಕಿ ಎರಡೆಂದು ಬರೆದಳು. "ಇದ್ದದ್ದನ್ನೇ ಬರೀಬೇಕು ಖಾಲಾ. ಇನ್ನು ಹೇಳಿಕೊಡಬೇಡಿ."

"ನೀನು ಎರಡೇ ಬರ್ಕೋ. ನಾನು ಮಾತ್ರ ಬಿಡೂದಿಲ್ಲ," ಎನ್ನುತ್ತ ಅಮೀನಾಬಿ ಹೊಸ ಪಟ್ಟಿಯ ಚೀಟಿಯನ್ನೂ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡರು. "ಮರೆವು ಹಿಡಿದು ವರ್ಷದಿಂದ ನನ್ನ ಸಂಗಡ ಮಾತೇ ಬಿಟ್ಟಿದ್ದವರು, ಈಗ ದಿನಾ ಎದುರು ಕೂತು ಹತ್ತು ಮಾತಾಡ್ತಾರೆ."