ಬಲಗಿವಿಗೆ ಹೇಳಿದ ಮಾತು

ಹೆಡ್ಮಿಸ್ ಆದ ಮೊದಲ ದಿನ ಅವಳಿಗೆ ಎದುರಾದ ದೊಡ್ಡ ಸಮಸ್ಯೆಯೆಂದರೆ ಎಲ್ಲಿ ಕೂತು ಟೀ ಕುಡಿಯುವುದು ಎಂಬುದು.

ವರ್ಷಗಟ್ಟಲೆ ವಿಜ್ಞಾನ ಕಲಿಸಿದ ಶಾಲೆ ಅದು. ಟೀಚರುಗಳ ಕೋಣೆಯಲ್ಲಿ ಕಿಟಕಿ ಪಕ್ಕದ ಒಂದು ಕುರ್ಚಿಯ ಕಾಲು ಗಿಡ್ಡ. ಯಾರಿಗೂ ಬೇಡದ ಆ ಕುರ್ಚಿ ಅವಳಿಗೇ ಕಾಯಂ ಆಗಿಬಿಟ್ಟಿತ್ತು. ಆ ದಿನವೂ ಅಭ್ಯಾಸಬಲದಿಂದ ಲೋಟ ಹಿಡಿದು ಅಲ್ಲಿಗೇ ಹೋದಳು. ಒಳಗಿನಿಂದ ನಗು ಕೇಳಿಸುತ್ತಿತ್ತು. ಅವಳು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ನಗು ನಿಂತುಹೋಯಿತು. ದಿನಾ ಅವಳ ಜೊತೆ ಒಂದೇ ಬಸ್ಸಿನಲ್ಲಿ ಬರುವ ಲೆಕ್ಕದ ಟೀಚರ್ ಎದ್ದು ನಿಂತು, "ಬನ್ನಿ ಮೇಡಂ" ಎಂದಳು.

"ಏನೇ ಇದು, ಬನ್ನಿ ಗಿನ್ನಿ ಅಂತ?"

"ಮತ್ತೇನು ಅನ್ನಲಿ? ಈಗ ನೀವು ಹೆಡ್ಮಿಸ್ ಅಲ್ವಾ?"

ಅದರಲ್ಲಿ ಅರ್ಧ ತಮಾಷೆ ಇತ್ತು, ಅರ್ಧ ಇರಲಿಲ್ಲ. ಅವಳು ನಿಂತೇ ಎರಡು ಗುಟುಕು ಕುಡಿದು, ಏನೋ ಕೆಲಸ ನೆನಪಾದವಳಂತೆ ಹೊರಗೆ ಬಂದಳು. ಉಳಿದ ಟೀಯನ್ನು ಹೆಡ್ಮಾಸ್ಟರ ಕೋಣೆಯ ಆ ದೊಡ್ಡ ಮೇಜಿನ ಮುಂದೆ ಒಬ್ಬಳೇ ಕೂತು ಮುಗಿಸುವಾಗ ಅದು ಆರಿ ನೀರಾಗಿತ್ತು.

ಅಷ್ಟರಲ್ಲಿ ಬಾಗಿಲು ತಟ್ಟದೆ ಒಳಗೆ ಬಂದವರು ಗುಡುಗು ಮೇಷ್ಟ್ರು.

ಇತಿಹಾಸದ ಮೇಷ್ಟ್ರಿಗೆ ಆ ಹೆಸರು ಯಾರಿಟ್ಟರೋ ಯಾರಿಗೂ ನೆನಪಿಲ್ಲ. ಅವಳು ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗಲೇ ಆ ಹೆಸರಿತ್ತು. ಗೇಟಿನ ಹೊರಗೆ ಬಸ್ಸಿಗೆ ಕಾಯುವವರಿಗೂ ಅವರ ದಯೆಯಿಂದ ಅರ್ಧ ಇತಿಹಾಸ ಬಾಯಿಪಾಠವಾಗಿತ್ತು. ಕಿವಿಗೆ ಬೀಳುವ ಹಾಗೆ ಓದು ಎಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಓದಿಸಿ, ಅವಳ ಪುಕ್ಕಲುತನ ಬಿಡಿಸಿದವರು ಅವರೇ. ಹೆಡ್ಮಾಸ್ಟರ ಕುರ್ಚಿ ಎರಡು ಸಲ ಅವರ ಬಳಿಗೆ ಬಂದಿತ್ತು. "ಸಹಿ ಹಾಕೋಕೆ ನನ್ನ ಅಕ್ಷರ ಚೆನ್ನಾಗಿಲ್ಲ" ಎಂದು ಎರಡು ಸಲವೂ ಕೈ ತೊಳೆದುಕೊಂಡಿದ್ದರು.

"ಹೇಗಿದೆ ಕುರ್ಚಿ?" ಎಂದರು, ಇಡೀ ಕಾರಿಡಾರಿಗೆ ಕೇಳಿಸುವ ಹಾಗೆ.

"ತುಂಬಾ ಎತ್ತರ ಮೇಷ್ಟ್ರೇ. ಕಾಲು ನೆಲಕ್ಕೆ ತಾಗಲ್ಲ."

"ಹೌದು ಹೌದು, ಫ್ಯಾನ್ ಸ್ವಲ್ಪ ಜೋರಾಗೇ ಇದೆ" ಎಂದು ತಲೆಯಾಡಿಸಿ, ಅವಳ ಹೆಗಲು ತಟ್ಟಿ ಹೋದರು.

ಅವಳಿಗೆ ನಗು ಬಂತು. ಅದೇನೂ ಹೊಸದಲ್ಲ. ಮೇಷ್ಟ್ರಿಗೆ ಕಿವಿ ಮಂದವಾಗುತ್ತಿದೆಯೆಂದು ಟೀಚರುಗಳಿಗೆಲ್ಲ ಗೊತ್ತಿತ್ತು. ಎಲ್ಲರೂ ಅವರ ಬಲಕ್ಕೇ ಕೂರುತ್ತಿದ್ದರು, ಮಾತು ತಪ್ಪಿದರೆ ಮೆಲ್ಲಗೆ ಸರಿಮಾಡುತ್ತಿದ್ದರು. ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಅದು ಅವರೆಲ್ಲ ಸೇರಿ ಆ ಹಿರಿಯ ಜೀವಕ್ಕೆ ಕೊಡುತ್ತಿದ್ದ ಮರ್ಯಾದೆ. ಅವಳಂತೂ ಎರಡು ವರ್ಷದಿಂದ ಮೀಟಿಂಗುಗಳಲ್ಲಿ ಅವರ ಪಕ್ಕ ಕೂತು, ತನಗೇ ಟಿಪ್ಪಣಿ ಮಾಡಿಕೊಳ್ಳುವ ನೆಪದಲ್ಲಿ, ಕೇಳಿಸದ್ದನ್ನು ಬರೆದು ಅವರ ಕಣ್ಣಿಗೆ ಬೀಳುವ ಹಾಗೆ ಇಡುತ್ತ ಬಂದಿದ್ದಳು.

ಕೆಲವು ವಾರ ಕಳೆದ ಮೇಲೆ, ಒಂದು ಸಂಜೆ ಊಟಕ್ಕೆ ಕೂತಾಗ, ಅದೇ ಶಾಲೆಯ ಎಂಟನೇ ಕ್ಲಾಸಿನಲ್ಲಿದ್ದ ಮಗಳು ನಗು ತಡೆಯಲಾಗದೆ ಹೇಳಿದಳು. "ಅಮ್ಮ, ಇವತ್ತು ಗುಡುಗು ಮೇಷ್ಟ್ರು ಪಾಠ ಓದು ಅಂದ್ರಲ್ಲ, ಆ ಉದ್ದನೆ ಹುಡುಗ ಏನು ಓದಿದ ಗೊತ್ತಾ? 'ಆಗ ರಾಜನು ತನ್ನ ಸೈನ್ಯವನ್ನು ಕರೆದುಕೊಂಡು ಐಸ್‌ಕ್ರೀಂ ತಿನ್ನಲು ಹೊರಟನು' ಅಂತ. ಮೇಷ್ಟ್ರು 'ಭೇಷ್, ಸ್ಪಷ್ಟವಾಗಿ ಓದಿದೆ' ಅಂದ್ರು."

ಅತ್ತೆ ಮೊದಲು ನಕ್ಕರು. ಸೊಸೆಯ ಮುಖ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು. "ನಗಬಾರದಿತ್ತು. ಆದ್ರೂ ಬಂದುಬಿಡ್ತು ಕಣೆ."

"ಇವತ್ತೊಂದೇ ದಿನವಾ?" ಎಂದು ಅವಳು ಮಗಳನ್ನು ಕೇಳಿದಳು.

"ದಿನಾ ಯಾರಾದ್ರೂ ಒಬ್ರು ಮಾಡ್ತಾರೆ. ನಾನು ಮಾಡಿಲ್ಲಮ್ಮ."

"ನಕ್ಕೆಯಾ?"

ಮಗಳು ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ, "ಎಲ್ಲರೂ ನಕ್ರು" ಎಂದಳು.

ಮರುದಿನ ಅವಳು ಎಂಟನೇ ಕ್ಲಾಸಿನ ಹೊರಗೆ, ಕಿಟಕಿಯ ಈಚೆ, ಗೋಡೆಗೆ ಒರಗಿ ನಿಂತಳು. ಐಸ್‌ಕ್ರೀಂ ಇರಲಿಲ್ಲ. ಬೇರೊಂದು ಇತ್ತು. ಮೊದಲನೇ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, "ಸರ್, ಸೋತ ರಾಜನ ಊರಿನ ಜನ ಆಮೇಲೆ ಏನಾದ್ರು?" ಎಂದು ಕೇಳಿದಳು. ಮೇಷ್ಟ್ರು ಪ್ರೀತಿಯಿಂದ, "ಅದು ಹಿಂದಿನ ಪುಟದಲ್ಲಿದೆ ನೋಡು" ಎಂದರು. ಹುಡುಗಿ ಇನ್ನೊಮ್ಮೆ ಕೇಳಿದಳು. "ಹೋಗಿ ಬಾ, ಬೇಗ ಬಾ" ಎಂದು ಬಾಗಿಲು ತೋರಿಸಿದರು. ಕ್ಲಾಸು ತುಟಿ ಕಚ್ಚಿ ನಗು ನುಂಗಿತು. ಹುಡುಗಿ ಹೊರಗೆ ಹೋಗಲೂ ಇಲ್ಲ, ಮೂರನೇ ಸಲ ಕೇಳಲೂ ಇಲ್ಲ. ಕೂತು ಪುಸ್ತಕ ಮುಚ್ಚಿ, ಕೈ ಕಟ್ಟಿಕೊಂಡಳು.

ಗೇಲಿ ಮಾಡುವ ಹುಡುಗರನ್ನು ಗದರಿಸಿ ಸುಮ್ಮನಾಗಿಸಬಹುದು ಎಂದುಕೊಂಡು ಬಂದಿದ್ದ ಅವಳಿಗೆ, ಆ ಮುಚ್ಚಿದ ಪುಸ್ತಕಕ್ಕೆ ಏನು ಮಾಡುವುದೆಂದು ತೋಚಲಿಲ್ಲ. ಮರ್ಯಾದೆ ಎಂದು ತಾವೆಲ್ಲ ಮೇಷ್ಟ್ರಿಗೆ ಕೊಡುತ್ತಿದ್ದುದು ಯಾರ ಪಾಲಿನಿಂದ ಕಿತ್ತದ್ದು ಎಂಬ ಯೋಚನೆ ಆ ದಿನ ಪೂರ್ತಿ ಅವಳನ್ನು ಬಿಡಲಿಲ್ಲ.

ಆ ಹುಡುಗಿಯ ಅಪ್ಪ ಬಸ್ ಡ್ರೈವರ್. ವಾರ ಕಳೆಯುವುದರೊಳಗೆ ಯೂನಿಫಾರ್ಮಿನಲ್ಲೇ ಬಂದು ಅವಳ ಎದುರು ಕೂತ. ಜಗಳಕ್ಕೆ ಬಂದ ಹಾಗಿರಲಿಲ್ಲ.

"ನನಗೂ ಅವರೇ ಪಾಠ ಹೇಳಿದ್ದು ಮೇಡಂ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಆದ್ರೆ ಮಗಳು ಇತಿಹಾಸದ ಪುಸ್ತಕ ಮುಟ್ಟೋದೇ ಬಿಟ್ಟಿದ್ದಾಳೆ. ಮೇಲಿನ ಆಫೀಸಿಗೂ ಒಂದು ಫೋನ್ ಮಾಡಿದೆ. ತಪ್ಪು ತಿಳ್ಕೋಬೇಡಿ."

ಮೇಲಿನ ಆಫೀಸಿನ ಸಾಹೇಬರು ಮಧ್ಯಾಹ್ನವೇ ಫೋನ್ ಮಾಡಿದರು. ಅವರಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. "ಲೈಬ್ರರಿಯಲ್ಲಿ ಕೂರಿಸಿಬಿಡಿ. ರಿಟೈರ್ ಆಗೋಕೆ ಎಷ್ಟು ದಿನ ಇದೆ ಅವರಿಗೆ? ಒಂದು ಆರ್ಡರ್ ಕಳಿಸಿದ್ರೆ ಮುಗೀತು. ನೀವು ಹೊಸಬರು, ಯಾಕೆ ನಿಷ್ಠುರ ಕಟ್ಕೋತೀರಾ? ನಾನೇ ಕಳಿಸ್ಲಾ?"

ಹೂಂ ಎಂದಿದ್ದರೆ ಸಾಕಿತ್ತು. ಆರ್ಡರ್ ಮೇಲಿಂದ ಬರುತ್ತಿತ್ತು, ಅವಳ ಕೈ ಚೊಕ್ಕವಾಗಿರುತ್ತಿತ್ತು. ಒಂದು ಕ್ಷಣ ಆಸೆಯೂ ಆಯಿತು.

"ಬೇಡ ಸರ್. ನಾನೇ ಮಾತಾಡ್ತೀನಿ."

ಮಾತಾಡುತ್ತೇನೆ ಎನ್ನುವುದು ಸುಲಭ. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಬಂದು ಎದುರು ಕೂತರು. ಬಹಳ ಮೆತ್ತಗೆ, ಯೋಚಿಸಿಟ್ಟುಕೊಂಡಿದ್ದ ಮಾತಿನಿಂದ ಶುರುಮಾಡಿದಳು.

"ಏನಂದೆ?" ಎಂದರು ಮೇಷ್ಟ್ರು.

ಸ್ವಲ್ಪ ಜೋರಾಗಿ ಹೇಳಿದಳು.

"ಏನು?"

ಇನ್ನೂ ಜೋರು ಮಾಡಿದರೆ ಗೋಡೆಯಾಚೆ ಟೀಚರುಗಳ ಕೋಣೆಗೆ ಕೇಳಿಸುತ್ತದೆ. ಅಲ್ಲಿ ಕುರ್ಚಿಗಳು ಸರಿಯುವ ಸದ್ದು ನಿಂತಿರುವುದು ಅವಳಿಗೆ ಗೊತ್ತಾಯಿತು. ಕಿವಿಯಲ್ಲಿ ಹೇಳಬೇಕಾದ ಮಾತನ್ನು ಕೂಗಿ ಹೇಳಬೇಕಾದ ಪಾಡು. ಅವಳು ಎದ್ದಳು, ಬಾಗಿಲು ಹಾಕಿದಳು, ತನ್ನ ಎತ್ತರದ ಕುರ್ಚಿಯನ್ನು ಅಲ್ಲೇ ಬಿಟ್ಟು ಸ್ಟೂಲೊಂದನ್ನು ಎಳೆದುಕೊಂಡು ಅವರ ಬಲಕ್ಕೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಚಿಕ್ಕ ಮಕ್ಕಳು ಗುಟ್ಟು ಹೇಳುವ ಹಾಗೆ ಅವರ ಕಿವಿಗೆ ಬಾಯಿ ತಂದು ಹೇಳಿದಳು.

"ಮೇಷ್ಟ್ರೇ, ನಿಮಗೆ ಕಿವಿ ಕೇಳಿಸ್ತಿಲ್ಲ. ಮಕ್ಕಳು ಏನು ಓದ್ತಿದ್ದಾರೆ, ಏನು ಕೇಳ್ತಿದ್ದಾರೆ, ನಿಮಗೆ ಗೊತ್ತಾಗ್ತಿಲ್ಲ."

ಐಸ್‌ಕ್ರೀಮಿನ ವಿಷಯ ಹೇಳಿದಳು. ಹುಡುಗಿಯ ವಿಷಯವನ್ನೂ ಹೇಳಿದಳು. ಮೇಷ್ಟ್ರು ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದರು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಎರಡು ವರ್ಷ."

"ಮಿಕ್ಕವರಿಗೆ?"

"ಎಲ್ಲರಿಗೂ ಗೊತ್ತು."

"ಆಗ ಯಾಕೆ ಹೇಳಲಿಲ್ಲ?"

"ಆಗ ನಾನು ಹೆಡ್ಮಿಸ್ ಆಗಿರಲಿಲ್ಲ ಮೇಷ್ಟ್ರೇ."

ಅವರು ತಿರುಗಿ ಅವಳನ್ನು ನೋಡಿದರು. "ನನ್ನ ಶಿಷ್ಯೆ ಆಗಿದ್ದೆಯಲ್ಲ" ಎಂದರು. ಅಷ್ಟು ಸಣ್ಣ ದನಿ ಅವರಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ರಜೆ ಹಾಕಿದರು. ಟೀಚರುಗಳ ಕೋಣೆ ತನ್ನ ತೀರ್ಪು ಕೊಟ್ಟೇಬಿಟ್ಟಿತು. ಬಸ್ಸಿನಲ್ಲಿ ಲೆಕ್ಕದ ಟೀಚರ್ ಎರಡು ಸೀಟು ಹಿಂದೆ ಹೋಗಿ ಕೂತಳು. ಇಳಿಯುವಾಗ ಮಾತ್ರ, "ಹತ್ತಿದ ಏಣಿ ಒದೆಯೋಕೆ ಇಷ್ಟು ಅವಸರ ಬೇಕಿತ್ತಾ?" ಎಂದಳು.

ಮೇಷ್ಟ್ರ ಕ್ಲಾಸುಗಳನ್ನು ಅವಳೇ ತೆಗೆದುಕೊಂಡಳು. ಇತಿಹಾಸವನ್ನು ವಿಜ್ಞಾನದ ಹಾಗೆ ಹೇಳಿದಳು. ಕಾರಣ ಒಂದು, ಕಾರಣ ಎರಡು, ಪರಿಣಾಮ. ಅವಳ ಬಾಯಲ್ಲಿ ಯುದ್ಧಗಳೆಲ್ಲ ಪ್ರಯೋಗಶಾಲೆಯಲ್ಲಿ ನಡೆದ ಹಾಗಿರುತ್ತಿದ್ದವು. ಮಕ್ಕಳು ಆಕಳಿಸಿದರು. ಒಂದು ದಿನ ಆ ಉದ್ದನೆ ಹುಡುಗನೇ ಎದ್ದು ಕೇಳಿದ, "ಮಿಸ್, ಮೇಷ್ಟ್ರು ಯಾವಾಗ ಬರ್ತಾರೆ?"

"ಯಾಕೆ, ಐಸ್‌ಕ್ರೀಂ ಇನ್ನೂ ಮಿಕ್ಕಿದೆಯಾ?"

ಹುಡುಗನ ಕಿವಿ ಕೆಂಪಾಯಿತು. ಆ ದಿನ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಕೊನೆಗೆ ಅವನೇ, "ಅವರು ಹೇಳಿದ್ರೆ ಕಣ್ಣಿಗೆ ಕಾಣುತ್ತೆ ಮಿಸ್" ಎಂದು ಕೂತುಬಿಟ್ಟ.

ಮನೆಯಲ್ಲಿ ಗಂಡ, ಫ್ರಿಜ್ ರಿಪೇರಿಯ ಮನುಷ್ಯ, ಮಾತು ಕಡಿಮೆ. "ಅವರ ಮನೆಗೆ ಹೋಗಿ ಬಾ" ಎಂದ. ಹೊರಡಲು ಧೈರ್ಯ ಸಾಲದೆ ದಿನ ದೂಡುತ್ತಿರುವಾಗ, ಒಂದು ದಿನ ಮೇಷ್ಟ್ರ ಹೆಂಡತಿಯೇ ಶಾಲೆಗೆ ಬಂದರು. ಕೂತವರೇ ನೀರು ಕೇಳಿದರು, ಕುಡಿದರು, ಗಂಟಲು ಸರಿಮಾಡಿಕೊಂಡರು.

"ನನ್ನ ಗಂಟಲು ನೋಡು, ಕೂಗೀ ಕೂಗೀ ಹೇಗಾಗಿದೆ ಅಂತ. ಡಾಕ್ಟರ ಹತ್ರ ಹೋಗೋಣ ಅಂತ ಸಾವಿರ ಸಲ ಹೇಳಿದ್ದೆ. ಕೇಳಿಸಿದ್ರೆ ತಾನೆ?"

ಅವಳಿಗೆ ನಗಲೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕರು. ಆಮೇಲೆ ಹೇಳಿದರು. "ನಿನ್ನೆ ತಾವಾಗೇ ಎದ್ದು ಹೊರಟ್ರು, ನಡಿ ಡಾಕ್ಟರ ಹತ್ರ ಅಂತ. ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಕ್ಕೆ ಯಂತ್ರ ಹಾಕ್ತಾರೆ. ನಿನ್ನ ಮೇಲೆ ಕೋಪ ಇದೆ ಅವರಿಗೆ, ಇಲ್ಲ ಅನ್ನಲ್ಲ. ಆದ್ರೆ ನೀನು ಹೇಳಿದ್ದಕ್ಕೆ ಕೋಪವೋ, ಎರಡು ವರ್ಷ ಹೇಳದೇ ಇದ್ದದ್ದಕ್ಕೆ ಕೋಪವೋ, ಅದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಸ್ವಲ್ಪ ದಿನ ತಡಿ."

ಆ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತಳು. ಆಮೇಲೆ ಮುಖ ತೊಳೆದು, ಸೋರುತ್ತಿದ್ದ ನೀರಿನ ಟ್ಯಾಂಕಿಗೆ ಯಾರನ್ನು ಕರೆಸುವುದೆಂದು ವಿಚಾರಿಸಲು ಹೋದಳು.

ಮೇಷ್ಟ್ರು ಒಂದು ಸೋಮವಾರ ವಾಪಸು ಬಂದರು. ಅವಳು ಎಂಟನೇ ಕ್ಲಾಸಿನಲ್ಲಿ ಯಾವುದೋ ಒಪ್ಪಂದದ ಪರಿಣಾಮಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದರು. ಬಲಗಿವಿಯ ಹಿಂದೆ ಬೆರಳ ತುದಿಯಷ್ಟರ ಯಂತ್ರ. ಯಾರೋ ಬೆಂಚು ಎಳೆದರು. ಮೇಷ್ಟ್ರು ಬೆಚ್ಚಿಬಿದ್ದು ಕಿವಿ ಮುಚ್ಚಿಕೊಂಡರು.

"ದಿನಾ ಇಷ್ಟು ಗಲಾಟೆ ಮಾಡ್ತಿದ್ರಾ ನೀವೆಲ್ಲ?" ಎಂದರು. ಮಕ್ಕಳಿಗೆ ನಗಬಹುದೋ ಬಾರದೋ ಗೊತ್ತಾಗಲಿಲ್ಲ.

ಅವಳು ಸೀಮೆಸುಣ್ಣ ಇಟ್ಟು ಪಕ್ಕಕ್ಕೆ ಸರಿದಳು. ಮೇಷ್ಟ್ರು ಮೇಜಿನ ಅಂಚಿಗೆ ಒರಗಿ, ಎಂದಿನ ಗುಡುಗಿಲ್ಲದೆ ಮಾತಾಡಿದರು. "ನನಗೆ ಕಿವಿ ಕೇಳಿಸ್ತಿರಲಿಲ್ಲ. ಅದನ್ನ ನಿಮ್ಮಿಂದ ಮುಚ್ಚಿಟ್ಟೆ. ನೀವು ನನ್ನನ್ನ ಗೇಲಿ ಮಾಡಿದ್ರಿ. ಲೆಕ್ಕ ಸರಿಹೋಯ್ತು ಅಂತ ಇಟ್ಕೊಳ್ಳೋಣ. ಇನ್ಮೇಲೆ ಯಾರಾದ್ರೂ ಏನಾದ್ರೂ ಕೇಳ್ಬೇಕಾದ್ರೆ ಇಲ್ಲಿ, ನನ್ನ ಮುಂದೆ ಬಂದು, ಮುಖ ನೋಡಿ ಕೇಳಿ. ನನಗೆ ತಿಳೀಲಿಲ್ಲ ಅಂದ್ರೆ ಇನ್ನೊಂದು ಸಲ ಕೇಳಿ. ಬೇಜಾರು ಮಾಡ್ಕೋಬೇಡಿ."

ಎರಡು ಜಡೆಯ ಹುಡುಗಿ ಎದ್ದು ಬರಲಿಲ್ಲ. ಅಂದು ಯಾರೂ ಬರಲಿಲ್ಲ. ಬುಧವಾರದ ಹೊತ್ತಿಗೆ ಮೇಷ್ಟ್ರ ಮೇಜಿನ ಮುಂದೆ ಮಕ್ಕಳ ಸಾಲು ನಿಲ್ಲತೊಡಗಿತ್ತು, ಎರಡು ಜಡೆಯವಳೂ ಅದರಲ್ಲಿದ್ದಳು.

ಎಲ್ಲವೂ ಸರಿಹೋಯಿತು ಎನ್ನುವ ಹಾಗಿಲ್ಲ. ಯಂತ್ರ ಆಗಾಗ ಸೀಟಿ ಹೊಡೆಯುತ್ತಿತ್ತು. ತುಂಬಿದ ಕ್ಲಾಸಿನಲ್ಲಿ ಎಲ್ಲ ಸದ್ದೂ ಕಲಸಿಕೊಂಡು ಮೇಷ್ಟ್ರಿಗೆ ತಲೆನೋವು ಬರುತ್ತಿತ್ತು. ಅವಳು ಟೈಂಟೇಬಲ್ ಬದಲಿಸಿ, ಕ್ಲಾಸನ್ನು ಎರಡು ಭಾಗ ಮಾಡಿ, ರಸ್ತೆಯ ಸದ್ದು ತಾಗದ ಹಿಂದಿನ ಕೋಣೆಯನ್ನು ಅವರಿಗೆ ಕೊಟ್ಟಳು. ಆ ಕೋಣೆ ಬಿಟ್ಟುಕೊಡಬೇಕಾಗಿ ಬಂದ ಸಂಗೀತದ ಟೀಚರ ಜೊತೆ ನಿಷ್ಠುರವಾಯಿತು. ತಿಂಗಳ ಕೊನೆಗೆ ಮೇಷ್ಟ್ರೇ ಬಂದು, "ಆರನೇ ಕ್ಲಾಸು ನನ್ನಿಂದ ಆಗಲ್ಲ. ಆ ಮಕ್ಕಳ ದನಿ ತೀರಾ ಸಣ್ಣ. ಬೇರೆಯವರಿಗೆ ಕೊಟ್ಟುಬಿಡಿ" ಎಂದರು. ಕೊಟ್ಟುಬಿಡಿ ಎಂದರು, ಕೊಟ್ಟುಬಿಡು ಎನ್ನಲಿಲ್ಲ. ಅದು ಅವಳ ಎದೆಗೆ ನಾಟಿತು. ಆದರೆ ತಿದ್ದಲು ಹೋಗಲಿಲ್ಲ. ಮೇಲಿನ ಆಫೀಸಿನ ಸಾಹೇಬರಿಗೆ ಫೋನಿನಲ್ಲಿ, ಇತಿಹಾಸದ ಮೇಷ್ಟ್ರು ಇತಿಹಾಸವನ್ನೇ ಕಲಿಸುತ್ತಾರೆ, ಲೈಬ್ರರಿಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದಳು. ಆ ಸಾಹೇಬರು "ನಿಮ್ಮಿಷ್ಟ" ಎಂದ ರೀತಿಯಲ್ಲಿ ಅವಳ ಮುಂದಿನ ವರ್ಷಗಳ ಕಷ್ಟವೆಲ್ಲ ಅಡಗಿತ್ತು.

ಲೆಕ್ಕದ ಟೀಚರ್ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತಳು. "ನಮ್ಮಲ್ಲಿ ಯಾರಾದ್ರೂ ಮೊದಲೇ ಹೇಳ್ಬೇಕಿತ್ತು" ಎಂದಳು. "ಹೂಂ" ಎಂದಳು ಇವಳು. ಅಷ್ಟೇ.

ಸೆಖೆಯ ದಿನಗಳು ಬಂದವು. ಮೇಷ್ಟ್ರ ಪೀರಿಯಡ್ ಶುರುವಾದ ಕೂಡಲೇ ಮಕ್ಕಳೇ ಎದ್ದು ಫ್ಯಾನ್ ಆರಿಸುತ್ತಿದ್ದರು, ಅದರ ಗುಂಯ್ ಸದ್ದು ಯಂತ್ರಕ್ಕೆ ತೊಂದರೆ ಎಂದು. ಬೆವರು ಒರೆಸಿಕೊಳ್ಳುತ್ತ ಪಾಠ ಕೇಳುತ್ತಿದ್ದರು. ಅಂಥದೊಂದು ದಿನ ಮೇಷ್ಟ್ರು ಅವಳ ಕೋಣೆಗೆ ಬಂದು, ಎದುರಿನ ಕುರ್ಚಿ ಬಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತರು.

"ನಾಳೆ ನನ್ನ ಕ್ಲಾಸಿನ ಕೊನೇ ಬೆಂಚಲ್ಲಿ ಬಂದು ಕೂತ್ಕೋತೀರಾ ಮೇಡಂ? ಪಾಠದಲ್ಲಿ ನನಗೆ ಏನೇನು ತಪ್ಪಿಹೋಗ್ತಿದೆ ಅಂತ ಆಮೇಲೆ ಹೇಳಬೇಕು. ಮಿಕ್ಕವರನ್ನ ಕೇಳಿದ್ರೆ, ಎಲ್ಲ ಚೆನ್ನಾಗಿತ್ತು ಮೇಷ್ಟ್ರೇ ಅಂತಾರೆ."

"ಚೆನ್ನಾಗಿಲ್ಲದ್ದನ್ನೆಲ್ಲ ಹೇಳ್ತೀನಿ. ಆಮೇಲೆ ರಜೆ ಹಾಕಬಾರದು."

"ಹಾಕಲ್ಲ" ಎಂದರು ಮೇಷ್ಟ್ರು, ಮುಖದಲ್ಲಿ ನಗು ಸುಳಿಯಿತು. "ಹೇಳು."

ಮರುದಿನ ಅವಳು ಹೋಗಿ ಮಕ್ಕಳ ನಡುವೆ ಇರುಕಿಕೊಂಡು ಕೂತಳು. ಹುಡುಗನೊಬ್ಬ ಎದ್ದು ಫ್ಯಾನ್ ಆರಿಸಿದ.